ಪೆನಾಸ್ಕಿಟೋಸ್ ಬೆಕ್ಕು, ಫ್ರಾನ್ಸಿನ ಪ್ಲಮ್

"ನೋಡೇ, ಆ ಬೆಕ್ಕು ಮತ್ತೆ ನಮ್ಮ ಬಾಗಿಲಿಗೆ ಬಂದಿದೆ!" ಎಂದು ಅಂಕಲ್ ಫೋನ್ ನೋಡುತ್ತಲೇ ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದಾಗ ನಾವೆಲ್ಲ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಸಂಜೆಯ ಕಾಫಿ ಕುಡಿಯುತ್ತಿದ್ದೆವು. ಬೆಕ್ಕು ಬಂದಿದ್ದು ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿರುವ ಅವರ ಮನೆಗೆ.

ಅಂಕಲ್, ಆಂಟಿ ನಮ್ಮ ಮನೆಯವರಿಗೆಲ್ಲ ಹಳೆಯ ಸ್ನೇಹಿತರು. ಅಮೆರಿಕದ ಗಡಿಬಿಡಿ ಸಾಕಾಯಿತೆಂದು ಬೇಸಿಗೆಗೆ ಇಲ್ಲೊಂದು ಕಲ್ಲಿನ ಮನೆ ಬಾಡಿಗೆಗೆ ಹಿಡಿದಿದ್ದರು. ನಮ್ಮೂರು ಟೊರೆನ್ಸ್‌ನಿಂದ ಪ್ರವಾಸ ಹೊರಟ ನಮ್ಮನ್ನೂ, "ಬನ್ನಿ, ನಾಲ್ಕು ದಿನ ಫೋನ್ ಮರೆತು ಹಾಯಾಗಿರಿ" ಎಂದು ಕರೆದಿದ್ದರು. ಬಂದ ಮೇಲೆ ನಮಗೆ ಸಿಕ್ಕ ಹಾಯಿ ಎಂದರೆ ಸ್ಯಾನ್ ಡಿಯಾಗೋ ಮನೆಯ ಬಾಗಿಲ ಕ್ಯಾಮೆರಾ ಅವರ ಫೋನಿಗೆ ಕಳಿಸುವ ಬೆಕ್ಕು, ಪೋಸ್ಟ್‌ಮ್ಯಾನ್, ಎದುರುಮನೆ ನಾಯಿಯ ದರ್ಶನ.

ಬೆಕ್ಕಿನ ವಿಚಾರಣೆ ಮುಗಿಸಿ ಇಲ್ಲಿನ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ಬುಟ್ಟಿ ಪ್ಲಮ್ ಹಣ್ಣು! ಪಕ್ಕದ ಮನೆಯ ಫ್ರೆಂಚ್ ಅಜ್ಜಿ ಆಗಲೇ ವಾಪಸ್ ಹೊರಟಿದ್ದರು. ತಿರುಗಿ ನೋಡಿ, ಬಾಗಿಲು ಬಡಿದೂ ಬಡಿದೂ ಸಾಕಾಯಿತೆಂದು ಕೈಸನ್ನೆ ಮಾಡಿ ನಕ್ಕರು.

"ಛೇ, ಇಲ್ಲೂ ಒಂದು ಕ್ಯಾಮೆರಾ ಹಾಕಿಸಬೇಕಿತ್ತು ಕಣ್ರೀ" ಎಂದರು ಅಂಕಲ್.

ಊರಿಗೆ ಮರಳಿದ ಮೇಲೆ ಎಲ್ಲರೂ ಫ್ರಾನ್ಸ್ ಹೇಗಿತ್ತು ಎಂದು ಕೇಳುತ್ತಾರೆ. ಪ್ಲಮ್ ಸಿಹಿಯಾಗಿತ್ತು ಎಂದಷ್ಟೇ ಹೇಳುತ್ತೇನೆ. ಪೆನಾಸ್ಕಿಟೋಸ್ ಬಗ್ಗೆ ಕೇಳಿದರೆ ಇಡೀ ದಿನ ಹೇಳಬಲ್ಲೆ.