ಒಂದೇ ಮೊಳೆಯ ಗೋಡೆ

ಬೇಸಿಗೆ ರಜೆಗೆ ಬಂದ ನನ್ನ ನಾದಿನಿ, ಬಂದ ಮಾರನೆಯ ದಿನವೇ ಟೇಪು ಹಿಡಿದು ನಮ್ಮ ನಡುಮನೆಯ ಗೋಡೆ ಅಳೆಯುತ್ತಿದ್ದಳು. ಮಂಡಿಯಿಂದ ಊಟಕ್ಕೆ ಬಂದ ನಾನು ಬಾಗಿಲಲ್ಲೇ ನಿಂತೆ. ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳು ನನ್ನ ಮಗಳು. ನನ್ನನ್ನು ಕಂಡೊಡನೆ ಟೇಪು ಸರ್ರನೆ ಒಳಗೆ ಸೇರಿಕೊಂಡಿತು.

"ಏನಿಲ್ಲ ಭಾವ, ಸುಮ್ನೆ," ಅಂದಳು ನಾದಿನಿ. "ಕೈಕಾಲು ತೊಳ್ಕೊಂಡ್ ಬನ್ನಿ, ಬಡಿಸ್ತೀನಿ."

ಸುಮ್ಮನೆ ಯಾರೂ ಗೋಡೆ ಅಳೆಯುವುದಿಲ್ಲ. ಆ ಗೋಡೆಯಲ್ಲಿ ಇದ್ದದ್ದು ಒಂದೇ ಒಂದು ಮೊಳೆ. ಆ ಮೊಳೆಗೆ ನನ್ನ ಹೆಂಡತಿಯ ಫೋಟೋ ನೇತುಹಾಕಿತ್ತು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ತಿಥಿಯ ದಿನಕ್ಕೆಂದು ನನ್ನ ಅಣ್ಣ ಸ್ಟುಡಿಯೋದಲ್ಲಿ ಮಾಡಿಸಿ ತಂದ ಫೋಟೋ ಅದು. ಹಸಿರು ರೇಷ್ಮೆ ಸೀರೆ, ಕೊರಳಲ್ಲಿ ದೊಡ್ಡ ಸರ, ಹಣೆಯಲ್ಲಿ ಅಗಲ ಕುಂಕುಮ. ಬಂದವರೆಲ್ಲ ಲಕ್ಷ್ಮಿ ಹಾಗಿದ್ದಾಳೆ ಎಂದು ಕೈ ಮುಗಿದಿದ್ದರು. ನಾನು ದಿನಾ ಬೆಳಗ್ಗೆ ಅದರ ಮುಂದಿನ ಸಣ್ಣ ಬಲ್ಬು ಹಚ್ಚಿ ಕೆಲಸಕ್ಕೆ ಹೋಗುತ್ತಿದ್ದೆ.

ನನ್ನದು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನ ಕೆಲಸ. ಕೊಬ್ಬರಿ ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಒಳಗೆ ಕಮಟು ಹಿಡಿದಿರಬಹುದು. ಹಾಗಾಗಿ ಕೈಗೆ ಸಿಕ್ಕಿದ್ದನ್ನು ಬೆರಳಿನಿಂದ ಬಡಿದು, ಮೂಗಿಗೆ ಹಿಡಿದು ನೋಡುವುದು ನನಗೆ ರೂಢಿ. ಅವಳು ಹೋದ ಮೇಲೆ ಮನುಷ್ಯರನ್ನೂ ಹಾಗೆಯೇ ನೋಡತೊಡಗಿದ್ದೆ. ಪಕ್ಕದ ಮನೆಯವರು ಸಾರು ಕಳಿಸಿದರೆ, ಇವತ್ತೇ ಯಾಕೆ ಕಳಿಸಿದರು ಎಂದು ಯೋಚಿಸುತ್ತಿದ್ದೆ. ಯಾರಾದರೂ ಹೆಗಲ ಮೇಲೆ ಕೈ ಇಟ್ಟರೆ ಆ ಕೈ ಏನನ್ನೋ ಕೇಳಲು ಬಂದಿದೆ ಅನ್ನಿಸುತ್ತಿತ್ತು.

ನಾದಿನಿ ಬಂದದ್ದು ಮೈಸೂರಿನಿಂದ, ಗಂಡನ ಜೊತೆ. ಅವನು ಅಲ್ಲಿನ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರು, ಯಾವಾಗಲೂ ನಗಿಸುತ್ತಿರಬೇಕು ಅನ್ನುವ ಮನುಷ್ಯ. ಹಾಸನದ ಹಾಸ್ಟೆಲಿನಲ್ಲಿ ಓದುವ ನನ್ನ ಮಗಳೂ ರಜೆಗೆ ಮನೆಗೆ ಬಂದಿದ್ದಳು. ಅವಳಿಗೆ ಸ್ವಲ್ಪ ಗೆಲುವಾಗಲಿ, ಬೇಲೂರು ಹಳೇಬೀಡು ನೋಡಿಕೊಂಡು ಮನೆಗೆ ನಾಲ್ಕು ಚೆಂದದ ಸಾಮಾನು ತರೋಣ ಎಂದು ನಾದಿನಿ ಫೋನಿನಲ್ಲೇ ಹೇಳಿದ್ದಳು. ಒಂಬತ್ತು ತಿಂಗಳು ಬಾರದವಳಿಗೆ ಈಗ ನಮ್ಮ ಮನೆಯ ಚೆಂದ ಯಾಕೆ ಬೇಕಾಯಿತು ಎಂದು ಆಗಲೇ ನನಗೆ ಅನ್ನಿಸಿತ್ತು.

ಮೊದಲು ಮಾಲೇಕಲ್ಲು ತಿರುಪತಿಗೆ ಹೋದೆವು. ಮೆಟ್ಟಿಲು ಹತ್ತುವಾಗ ನಾದಿನಿ, ಮಗಳು ಇಬ್ಬರೂ ಬೇಕೆಂದೇ ಹಿಂದೆ ಉಳಿದರು. ಬಿಸಿಲು ಏರಿತ್ತು. ನಾನು ಸುಧಾರಿಸಿಕೊಳ್ಳುವವನ ಹಾಗೆ ಕಲ್ಲಿಗೆ ಒರಗಿ ನಿಂತೆ. ಕೆಳಗಿನ ತಿರುವಿನಿಂದ ನಾದಿನಿಯ ಮಾತು ಕೇಳಿಸಿತು.

"ಮೊಳೆ ಇದ್ಯಲ್ಲ, ಹೊಸದು ಹೊಡೆಯೋದ್ ಬೇಡ. ನಿಮ್ಮಪ್ಪಂಗೆ ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

ಮಗಳು ಏನೋ ಅಂದಳು, ಅದು ಕೇಳಿಸಲಿಲ್ಲ. ಮೇಲೆ ಹೋಗಿ ವೆಂಕಟರಮಣನ ಮುಂದೆ ನಿಂತಾಗಲೂ ನನ್ನ ತಲೆಯಲ್ಲಿ ಇದ್ದದ್ದು ಆ ಮೊಳೆ ಒಂದೇ. ಫೋಟೋ ತೆಗೆಯುತ್ತಾರೆ. ನನ್ನ ಮನೆಯಿಂದ ಅವಳನ್ನು ಇಳಿಸುತ್ತಾರೆ. ನನ್ನ ಮಗಳ ಕೈಯಿಂದಲೇ ಇಳಿಸುತ್ತಾರೆ. ತೀರ್ಥ ಕೊಟ್ಟ ಪೂಜಾರಿ ಎರಡು ಸಲ ಕರೆಯಬೇಕಾಯಿತು.

ಬೇಲೂರಿಗೆ ಹೊರಟದ್ದು ಷಡ್ಡಕನ ಕಾರಿನಲ್ಲಿ. ಜಾವಗಲ್ ದಾಟಿ, ಹಳೇಬೀಡನ್ನು ಬರುವಾಗ ನೋಡೋಣವೆಂದು ಬಿಟ್ಟು, ನೇರ ಬೇಲೂರಿಗೆ ಹೋದೆವು. ದೇವಸ್ಥಾನ ನೋಡಿದ್ದಕ್ಕಿಂತ ಅಂಗಡಿ ಸಾಲಿನಲ್ಲಿ ಕಳೆದದ್ದೇ ಹೆಚ್ಚು. ನೀರು ತುಂಬಿ ಹೂವು ತೇಲಿಬಿಡುವ ಹಿತ್ತಾಳೆಯ ಬೋಗುಣಿ ಕೊಂಡರು. ಬಾಗಿಲಿಗೆ ಕಟ್ಟುವ ಗಂಟೆಸರ ಕೊಂಡರು. ಕಿಟಕಿಗೆ ಅರಿಶಿನ ಬಣ್ಣದ ಪರದೆ ಬಟ್ಟೆ ಕತ್ತರಿಸಿಕೊಂಡರು. ನಾನು ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ ಕೊಟ್ಟೆ. ಬಳಪದ ಕಲ್ಲಿನ ಗಣಪನನ್ನು ಉಗುರಿನಿಂದ ಬಡಿದಾಗ ಅಂಗಡಿಯವನು ನಕ್ಕ.

"ಏನ್ ಯಜಮಾನ್ರೇ, ತೆಂಗಿನಕಾಯಿ ನೋಡ್ದಂಗೆ ನೋಡ್ತೀರಲ್ಲ! ಗಣಪ ಕಣ್ರೀ ಅದು. ಒಳಗೆ ನೀರಿಲ್ಲ."

"ಸೊಂಡಿಲು ಬಲಕ್ಕಿದೆ, ಬೇಡ," ಅಂದಳು ನಾದಿನಿ. "ಬಲಮುರಿ ಗಣಪನ್ನ ಮನೇಲಿಟ್ರೆ ಮಡಿ ಜಾಸ್ತಿ. ಎಡಮುರಿ ಕೊಡಿ."

"ಹಿಂದಿಂದ ನೋಡಿದ್ರೆ ಎಡಕ್ಕೇ ಕಾಣುತ್ತೆ ಬಿಡೇ," ಅಂದ ಷಡ್ಡಕ. "ಗೋಡೆ ಕಡೆ ಮುಖ ಮಾಡ್ಸಿ ಇಟ್ರಾಯ್ತು."

ಮಗಳು ನಕ್ಕಳು. ಅವಳ ನಗು ಕೇಳಿ ಬಹಳ ದಿನ ಆಗಿತ್ತು. ಆದರೆ ಅದಕ್ಕೂ ನನಗೆ ಅನುಮಾನವೇ. ಅಮ್ಮ ಇಲ್ಲದ ಮನೆಗೆ ಪರದೆ ಕೊಳ್ಳುತ್ತ ಇಷ್ಟು ನಗು ಎಲ್ಲಿಂದ ಬರುತ್ತದೆ?

ಕೊನೆಯ ಅಂಗಡಿ ಮರದ ಕೆತ್ತನೆಯದು. ಗೋಡೆಗೆ ಹಾಕುವ ಒಂದು ಹಲಗೆ, ಅದರ ತುಂಬ ಬಳ್ಳಿ, ಬಳ್ಳಿಯ ಎರಡು ಕಡೆ ಗಿಳಿ. ನಾದಿನಿ ಚೀಲದಿಂದ ಟೇಪು ತೆಗೆದಳು. ಅಡ್ಡ ಅಳೆದಳು, ಉದ್ದ ಅಳೆದಳು, ಮಗಳ ಮುಖ ನೋಡಿದಳು.

"ಸರಿಯಾಗಿ ಮುಚ್ಚುತ್ತೆ," ಅಂದಳು ಮಗಳು.

ಏನನ್ನು ಮುಚ್ಚುತ್ತದೆ ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಫೋಟೋ ತೆಗೆದರೆ ಗೋಡೆಯ ಮೇಲೆ ಅದರ ಅಳತೆಯ ಬಣ್ಣದ ಗುರುತು ಉಳಿಯುತ್ತದೆ. ಅದು ಕಾಣಬಾರದು. ಹಲಗೆಯನ್ನು ಕಾಗದದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಇಟ್ಟರು, ನನ್ನ ಮತ್ತು ಮಗಳ ನಡುವೆ.

ಹಳೇಬೀಡಿನ ಕೆರೆ ಏರಿಯ ಮೇಲೆ ಮರದ ನೆರಳು ನೋಡಿ, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಬಿಚ್ಚಿದೆವು. ನಾದಿನಿ ನನ್ನ ಮುಂದೆ ಎಲೆ ಇಟ್ಟಳು. ನಾನು ಮುಟ್ಟಲಿಲ್ಲ.

"ಆ ಹಲಗೆ ಎಲ್ಲಿಗೆ?" ಎಂದು ಕೇಳಿದೆ.

"ಹಾಲ್‌ಗೆ ಭಾವ. ಚೆನ್ನಾಗಿರುತ್ತೆ."

"ಹಾಲಲ್ಲಿ ಎಲ್ಲಿಗೆ?"

ಷಡ್ಡಕ ಕೆರೆಯ ಕಡೆ ನೋಡಿ, "ನೀರು ಸುಮಾರಾಗಿದೆಯಲ್ಲ ಅಣ್ಣ," ಅಂದ.

"ನಿಮ್ಮಕ್ಕನ್ನ ಗೋಡೆಯಿಂದ ಇಳಿಸೋಕೆ ಮೈಸೂರಿಂದ ಕಾರು ತಗೊಂಡು ಬರಬೇಕಿತ್ತೇನಮ್ಮ?" ಅಂದೆ. ನಾನು ಗಟ್ಟಿಯಾಗಿ ಮಾತಾಡುವವನಲ್ಲ. ಆದರೂ ದೂರದಲ್ಲಿ ಕೂತಿದ್ದವರು ತಿರುಗಿ ನೋಡಿದರು.

ನಾದಿನಿಯ ಮುಖ ಕೆಂಪಾಯಿತು. "ನಿಮಗೆ ಹೆಂಡ್ತಿ ಆಗೋಕ್ ಮುಂಚೆ ಅವಳು ನಂಗೆ ಅಕ್ಕ ಭಾವ. ಒಂದೇ ಹಾಸಿಗೇಲಿ ಮಲಗಿ ಬೆಳೆದೋರು ನಾವು. ಏನಂದ್ಕೊಂಡಿದ್ದೀರಿ ನನ್ನ?" ಎಂದು ಅಳತೊಡಗಿದಳು.

"ಚಿಕ್ಕಮ್ಮನ ಮೇಲೆ ಯಾಕಪ್ಪ ರೇಗ್ತೀಯ?" ಅಂದಳು ಮಗಳು. "ಇಳಿಸೋಣ ಅಂದಿದ್ದು ನಾನು."

ನಾನು ಅವಳನ್ನೇ ನೋಡಿದೆ. ಅವಳು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದಳು.

"ಅದು ಅಮ್ಮ ಅಲ್ಲ ಅಪ್ಪ. ಆ ಸೀರೆ ಅಮ್ಮಂದಲ್ಲ. ಆ ಸರ ಅಮ್ಮಂದಲ್ಲ. ಅಷ್ಟಗಲ ಕುಂಕುಮ ಯಾವತ್ತಿಟ್ಟಿದ್ಲು? ಮುಖ ಬೆಳ್ಳಗೆ ಮಾಡಿ, ಗಲ್ಲದ ಮೇಲಿದ್ದ ಮಚ್ಚೆ ಅಳಿಸಿ ಹಾಕಿದಾನೆ. ಯಾರೋ ಬೇರೆ ಹೆಂಗಸು ನಮ್ಮನೇಲಿ ಕೂತು ನನ್ನನ್ನೇ ನೋಡ್ತಿರ್ತಾಳೆ. ಫೋನಲ್ಲಿ ಅಮ್ಮನ ಫೋಟೋ ಇವೆ, ತೆಗೆದು ನೋಡೋಕೆ ಧೈರ್ಯ ಬರಲ್ಲ. ಹಾಸ್ಟೆಲಲ್ಲಿ ಕಣ್ಮುಚ್ಚಿ ಅಮ್ಮನ್ನ ನೆನಸ್ಕೊಂಡ್ರೆ ಈಗ ಬರೋದೂ ಆ ಹೆಂಗಸೇ. ನಂಗೆ ಅಮ್ಮನ ಮುಖ ಮರೆತು ಹೋಗ್ತಿದೆ."

ಅವಳ ಮಾತು ಸುಳ್ಳೆಂದು ತೋರಿಸಬೇಕೆಂದೇ ಮನಸ್ಸಿನಲ್ಲಿ ನನ್ನ ಹೆಂಡತಿಯನ್ನು ಕರೆದೆ. ಹಸಿರು ರೇಷ್ಮೆ ಸೀರೆ ಬಂತು. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಲ್ಲಿಸಿ ನೋಡಿದೆ. ಒಲೆಯ ಮುಂದೆಯೂ ಹಸಿರು ರೇಷ್ಮೆ, ದೊಡ್ಡ ಸರ. ಆಸ್ಪತ್ರೆಯ ಮಂಚದಲ್ಲಿ ನೆನೆಸಿಕೊಂಡೆ. ಅಲ್ಲಿಯೂ ಅದೇ ಬಿಳಿ ಮುಖ, ಅದೇ ಕುಂಕುಮ. ನನ್ನ ಹೆಂಡತಿಯ ಬಳಿ ಹಸಿರು ರೇಷ್ಮೆ ಸೀರೆಯೇ ಇರಲಿಲ್ಲ. ಅಷ್ಟು ತಿಂಗಳು ದಿನಾ ದೀಪ ಹಚ್ಚಿದ ನನಗೆ ಅದು ತೋಚಿರಲಿಲ್ಲ. ಎಲ್ಲರನ್ನೂ ಅನುಮಾನಿಸಿದವನು ಆ ಫೋಟೋ ಒಂದನ್ನು ಮಾತ್ರ ನಂಬಿದ್ದೆ.

ಮರುದಿನ ನಾನೇ ಸ್ಟೂಲು ಹಾಕಿಕೊಂಡು ಫೋಟೋ ಇಳಿಸಿದೆ. ಒರೆಸಿ, ಬಟ್ಟೆ ಸುತ್ತಿ, ಬೀರುವಿನ ಮೇಲಿಟ್ಟೆ. ಗಿಳಿಯ ಹಲಗೆಯನ್ನು ಮಾತ್ರ ಈಗಲೇ ಹಾಕುವುದು ಬೇಡ ಅಂದೆ. ನಾದಿನಿ ಒಪ್ಪಿದಳು. ಹೊರಡುವ ಹೊತ್ತಿಗೆ ಅವಳು ಪರದೆ ಹೊಲಿದು ಕಟ್ಟಿದ್ದಳು, ಬೋಗುಣಿಯಲ್ಲಿ ದಾಸವಾಳ ತೇಲಿಸಿದ್ದಳು. ಕಾರು ಹತ್ತುವಾಗ, "ಇನ್ನೂ ಕೋಪಾನಾ ಭಾವ?" ಅಂದಳು. ಇಲ್ಲ ಅಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಆ ವಾರವೇ ಮಾದಿಹಳ್ಳಿ ಕಡೆಯ ನಮ್ಮ ಊರಿನಿಂದ ಅಣ್ಣ ಬಂದ. ಗದ್ದೆ ತೋಟ ನೋಡಿಕೊಂಡಿರುವ ಅವನು ಕಾಯಿ ವ್ಯಾಪಾರಕ್ಕೆ ಬಂದಾಗ ನಮ್ಮ ಮನೆಗೆ ಬಾರದೆ ಹೋಗುವುದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದವನು ಪರದೆ ನೋಡಿದ. ಹೂವಿನ ಬೋಗುಣಿ ನೋಡಿದ. ಖಾಲಿ ಗೋಡೆ ನೋಡಿದ. ಆಮೇಲೆ ಅಡುಗೆಮನೆಯ ಕಡೆ ಕತ್ತು ಚಾಚಿ, ಅಲ್ಲಿ ನನ್ನ ಮಗಳಲ್ಲದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಹುಡುಕಿದ.

"ಏನ್ಲಾ ಇದು?" ಅಂದ ದನಿ ತಗ್ಗಿಸಿ. "ಯಾರ್ಲಾ?"

"ಯಾರು ಅಂದ್ರೆ?"

"ಪರದೆ ಗಿರದೆ ಎಲ್ಲಾ ಐತೆ. ಫೋಟೋ ಕಾಣಾಕಿಲ್ಲ. ನನ್ನೇನ್ ಎಳೇ ಮಗ ಅಂದ್ಕಂಡಿದ್ದೀಯ? ಮಾಡ್ಕಳದಾದ್ರೆ ಮಾಡ್ಕೋ, ನಾನ್ ಬ್ಯಾಡ ಅನ್ನಾಕಿಲ್ಲ. ವರ್ಸ ತುಂಬಾಗಂಟನಾದ್ರೂ ತಡ್ಕಬಾರ್ದೇನ್ಲಾ? ವಯಸ್ಗೆ ಬಂದ ಮಗಳವ್ಳೆ ಮನೇಲಿ."

ಕಾಫಿ ತಂದ ಮಗಳು ಅದನ್ನು ಕೇಳಿ, ನಗು ತಡೆಯಲಾಗದೆ ಲೋಟ ಕೆಳಗಿಟ್ಟಳು. "ಅಯ್ಯೋ ದೊಡ್ಡಪ್ಪ, ಅಪ್ಪಂಗೆ ಯಾರ್ ಕೊಡ್ತಾರೆ ಹೆಣ್ಣು!"

ನಾನು ಬೀರುವಿನ ಮೇಲಿನಿಂದ ಫೋಟೋ ತಂದು, ಬಟ್ಟೆ ಬಿಚ್ಚಿ ಅಣ್ಣನ ತೊಡೆಯ ಮೇಲಿಟ್ಟೆ. "ನೀನೇ ಮಾಡಿಸಿದ್ದು. ಅವಳ ಥರ ಐತಾ ಹೇಳು," ಅಂದೆ. ಇದರಲ್ಲಿ ತಪ್ಪು ಯಾರದು ಎಂದು ಇನ್ನೂ ಹುಡುಕುತ್ತಿದ್ದೆ. ಸ್ಟುಡಿಯೋದವನು ಕೇಳದೆಯೇ ಸೀರೆ ಬದಲಿಸಿದನೋ, ಅಣ್ಣನೇ ಮನೆಯ ಮರ್ಯಾದೆಗೆಂದು ಸರ ಹಾಕಿಸಿದನೋ.

ಅಣ್ಣ ಫೋಟೋವನ್ನು ಬಹಳ ಹೊತ್ತು ನೋಡಿದ.

"ನಂಗೇನ್ಲಾ ಗೊತ್ತು?" ಅಂದ ಕೊನೆಗೆ. "ತಮ್ಮನ್ ಹೆಂಡ್ತಿ ಮುಖವ ದಿಟ್ಟಿಸ್ಕಂಡ್ ನೋಡಾಕಾಯ್ತದಾ? ಊಟಕ್ ಕುಂತಾಗ ತಟ್ಟೆ ನೋಡ್ತಿದ್ದೆ. ಬಡಿಸ್ತಿದ್ ಕೈ ಗೊತ್ತು, ಬಳೆ ಗೊತ್ತು, ಒಳಗಿಂದ ಮಾತಾಡ್ತಿದ್ ದನಿ ಗೊತ್ತು. ರೇಷನ್ ಕಾರ್ಡಲ್ಲಿದ್ ಫೋಟೋ ಕೊಟ್ಟೆ. ಸ್ಟುಡಿಯೋದೋನು ಏನೇನೋ ಮಾಡಿ ತಂದು 'ಹಿಂಗಿದ್ರಾ ಯಜಮಾನ್ರೇ' ಅಂದ. ಹೂಂ ಕಣಪ್ಪ, ಹಿಂಗೇ ಇದ್ಲು ಅಂದೆ. ಇನ್ನೇನನ್ನಲಿ? ನೋಡಿಲ್ಲ ಅಂತ ಹೇಳಾಕಾಯ್ತದಾ?"

ನಾನು ಅವನ ಪಕ್ಕ ಕೂತೆ. ಅಷ್ಟು ವರ್ಷ ಅವನು ಬಂದಾಗಲೆಲ್ಲ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದಳು. ಅವನು ಹಜಾರದಿಂದ ಗೋಡೆಗೆ ಹೇಳುವ ಹಾಗೆ "ಸಾರು ಚೆಂದಾಗಿತ್ತು" ಅನ್ನುತ್ತಿದ್ದ. ಅದು ಅವರಿಬ್ಬರ ಮರ್ಯಾದೆ. ತಪ್ಪನ್ನು ಯಾರ ಮೇಲೆ ಹಾಕಬೇಕೋ ನನಗೆ ತಿಳಿಯಲಿಲ್ಲ.

ಮಗಳು ಒಳಗೆ ಹೋಗಿ ಫೋನು ತಂದಳು. ಸ್ವಲ್ಪ ಹೊತ್ತು ಅದನ್ನು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ತೆಗೆದು ದೊಡ್ಡಪ್ಪನ ಮುಂದೆ ಹಿಡಿದಳು. "ಅಮ್ಮ ಹಿಂಗಿದ್ಲು ದೊಡ್ಡಪ್ಪ. ನೋಡಿ."

ಅಣ್ಣ ಬಗ್ಗಿ ನೋಡಿದ, ಒಂದು ಗಳಿಗೆ ಅಷ್ಟೇ. ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ.

"ಸಾಕು ಬುಡವ್ವ," ಅಂದ. "ನೀವ್ ನೋಡ್ಕಳಿ."

ತೊಡೆಯ ಮೇಲಿದ್ದ ಹಸಿರು ಸೀರೆಯ ಫೋಟೋಗೆ ಮತ್ತೆ ಬಟ್ಟೆ ಸುತ್ತಿದ. "ಇದ್ನ ನಾನ್ ತಗೊಂಡೋಗ್ತೀನಿ. ನಮ್ ಮನೇಲಿ ಇರ್ಲಿ. ನಂಗೆ ಇದಾದ್ರೆ ನೋಡಾಕಾಯ್ತದೆ," ಎಂದು ಅದನ್ನು ಕಂಕುಳಲ್ಲಿ ಇರಿಸಿಕೊಂಡು, ಕಾಫಿ ಲೋಟ ಹಿಡಿದು ಹೊರಗಿನ ಜಗಲಿಗೆ ಹೋಗಿ ಕೂತ.

ಮಗಳು ನನ್ನ ಪಕ್ಕ ಬಂದು ಕೂತಳು. ಫೋನಿನಲ್ಲಿ ನನ್ನ ಹೆಂಡತಿ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತ, ಫೋಟೋ ತೆಗೆಯಬೇಡ ಎಂದು ಒದ್ದೆ ಕೈ ಅಡ್ಡ ಹಿಡಿದಿದ್ದಳು. ಕೈಯ ಪಕ್ಕದಿಂದ ಅರ್ಧ ಮುಖ ಮಾತ್ರ ಕಾಣುತ್ತಿತ್ತು, ಗಲ್ಲ, ಗಲ್ಲದ ಮಚ್ಚೆ, ಬಯ್ಯಲು ತೆರೆದ ಬಾಯಿ. ಮೈಮೇಲೆ ಬಣ್ಣ ಮಾಸಿದ ವಾಯಿಲ್ ಸೀರೆ.

"ಇನ್ನೊಂದಿದೆ," ಅಂದಳು ಮಗಳು.

"ತಡಿ," ಅಂದೆ ನಾನು. "ಇದನ್ನ ಇನ್ನೂ ನೋಡಿಲ್ಲ."