ಬಿಡಬೇಕೆಂದ ಕೆಲಸವನ್ನು ಎರಡು ಸುಗ್ಗಿ ಮಾಡಿದ್ದು

ಸಿಟ್ಟು ಬಂದ ದಿನವೇ ಕೆಲಸ ಬಿಡುವವರಿಗೆ ನನ್ನದೊಂದೇ ಮಾತು: ಸಿಟ್ಟನ್ನೂ ಉಳಿಸಿಕೊಳ್ಳಿ, ಕೆಲಸವನ್ನೂ ಉಳಿಸಿಕೊಳ್ಳಿ.

ಯುದ್ಧ ಮುಗಿದ ಹೊಸತರಲ್ಲಿ ನಾನು ಬಳ್ಳಾರಿಯ ಒಂದು ಹತ್ತಿ ದಲ್ಲಾಳಿ ಅಂಗಡಿಯಲ್ಲಿದ್ದೆ. ರೈತರು ತಂದ ಹತ್ತಿಯನ್ನು ಬೆರಳಲ್ಲಿ ಎಳೆದು, ಎಳೆಯ ಉದ್ದ ನೋಡಿ, ಯಾವ ದರ್ಜೆಯದೆಂದು ಹೇಳುವುದು ನನ್ನ ಕೆಲಸ. ಬೆಲೆಯನ್ನು ಮಾತ್ರ ಅಂಗಡಿಯ ಸಾವುಕಾರರು ಹತ್ತಿ ಕೊಳ್ಳುವ ಗಿರಣಿಯವರೊಂದಿಗೆ ಟವಲಿನಡಿ ಬೆರಳು ಹಿಡಿದು ಕುದುರಿಸುತ್ತಿದ್ದರು; ಬೆಳೆದವನಿಗೂ ಅದು ಕಾಣುತ್ತಿರಲಿಲ್ಲ. ನನಗೂ ವ್ಯಾಪಾರಕ್ಕೆ ಕೂರಲು ಬಿಡಿ ಎಂದು ಒಂದು ದಿನ ಗಿರಣಿಯವರ ಎದುರಿಗೇ ಸಾವುಕಾರರನ್ನು ಕೇಳಿದೆ.

"ಲೇ, ನಿನ್ನ ಕೈ ಹತ್ತಿ ಹಿಂಜಾಕ ಅಷ್ಟ ಲಾಯಕ್ಕು. ಗಾದಿ ಮ್ಯಾಲ ಕುಂದರಾಕ ಮನಿತನ ಬೇಕು," ಅಂದರು.

ಗಿರಣಿಯವರು ನಕ್ಕರು. ನಾನೂ ನಕ್ಕೆ. ಈ ಅಂಗಡಿಗೆ ಬರುವ ಬಂಡಿಗಳನ್ನೇ ತಿರುಗಿಸಿಕೊಂಡು ಹೋಗುತ್ತೇನೆಂದು ನಿಶ್ಚಯಿಸಿದ್ದು ಆಗಲೇ.

ಬೆಳಿಗ್ಗೆ ಅಂಗಡಿಯ ಕಡೆ ಕಾಲು ಏಳದ ದಿನಗಳಿದ್ದವು. ಆ ನಗು ನೆನೆಸಿಕೊಂಡರೆ ಸಾಕು, ಬಿಸಿ ಚಹಾ ಕುಡಿದಷ್ಟು ಹುರುಪು. ದಿನಕ್ಕೊಬ್ಬ ರೈತನನ್ನಾದರೂ ನನ್ನವನನ್ನಾಗಿ ಮಾಡಿಕೊಂಡೆ. ಮೊದಲ ಸಲ ಬಿಡಿಸಿದ ಹತ್ತಿಗೆ ಕಡೆಯದನ್ನು ಬೆರೆಸಬೇಡಿ, ದರ್ಜೆ ಬೀಳುತ್ತದೆ ಎಂದು ಹೇಳಿಕೊಟ್ಟೆ. ಕುರುಗೋಡಿನ ಗೌಡರೊಬ್ಬರು ಬಂಡಿ ಇಳಿಯುತ್ತಲೇ ಕೂಗುತ್ತಿದ್ದರು: "ನೀ ಇದ್ದಿ ಅಂತ ಬಂದೀನಪ್ಪ, ನಿಮ್ಮ ಸಾವ್ಕಾರನ ಮಾರಿ ನೋಡಾಕ ಅಲ್ಲ!"

ನನ್ನ ದುಡಿಮೆ ಕಂಡು, ಹುಡುಗ ದಾರಿಗೆ ಬಂದನೆಂದು ಸಾವುಕಾರರು ದೀಪಾವಳಿಗೆ ಧೋತರ ಕೊಟ್ಟರು. ಉಟ್ಟುಕೊಂಡೆ. ಕೊಟ್ಟದ್ದನ್ನು ಬೇಡವೆನ್ನಬಾರದು.

ಎರಡು ಸುಗ್ಗಿ ಕಳೆದ ಮೇಲೆ, ತಿಂಗಳು ಮುಂಚೆ ತಿಳಿಸಿ, ಕೈಮುಗಿದು ಬಿಟ್ಟೆ. ಸಿರುಗುಪ್ಪದಲ್ಲಿ ಒಂದು ಚಪ್ಪರ ಹಾಕಿ, ರೈತರ ಎದುರಿಗೇ ಬೆಲೆಯನ್ನು ಬಾಯಲ್ಲಿ ಹೇಳಿ ಹತ್ತಿ ಕೊಂಡೆ. ಅಲ್ಲಿನವರು ಬಳ್ಳಾರಿಗೆ ಎತ್ತು ದಣಿಸುವುದನ್ನು ಬಿಟ್ಟರು. ಕುರುಗೋಡಿನ ಗೌಡರೂ ಬಂಡಿ ತಿರುಗಿಸಿಕೊಂಡು ಬಂದರು.

ಬಿಸಿಲು ಏರುವ ಹೊತ್ತಿಗೆ ಒಂದು ದಿನ ಸಾವುಕಾರರೇ ಬಂದರು. ಗಿರಣಿಗೆ ಮಾತು ಕೊಟ್ಟಿದ್ದಷ್ಟು ಹತ್ತಿ ಅವರ ಅಂಗಡಿಗೆ ಬಂದಿರಲಿಲ್ಲ.

"ನೀನು ನಮ್ಮ ಹುಡುಗ ಅಲ್ಲೇನಪ್ಪ? ನನಗೊಂದಿಷ್ಟು ಬಿಟ್ಟುಕೊಡು."

"ನಿಂದರ್ರಿ ಸಾವ್ಕಾರ್ರ, ನಿಮ್ಮ ಮುಂದ ಇನ್ನೂ ಮೂರು ಮಂದಿ ಅದಾರ."

ಮೂವರದನ್ನೂ ನಿಧಾನವಾಗಿ ಮುಗಿಸಿದೆ. ಸಾವುಕಾರರು ರುಮಾಲಿನಿಂದ ಕುತ್ತಿಗೆ ಒರೆಸುತ್ತ ಬಿಸಿಲಲ್ಲೇ ನಿಂತಿದ್ದರು. ಆಮೇಲೆ ಮಾರಿದೆ, ನಾನು ಹೇಳಿದ ಬೆಲೆಗೆ. ಹಗೆ ಇದೆಯೆಂದು ಗಿರಾಕಿಯನ್ನು ಓಡಿಸಬಾರದು, ಕಾಯಿಸಬೇಕು.

ಮರುವರ್ಷವೂ ಬಂದರು. ಚಪ್ಪರದಡಿ ನೆರಳಿತ್ತು. ಒಳಗೆ ಕರೆಯಲಿಲ್ಲ.