ಕತ್ತಿಯಣ್ಣ ಭಾವನಿಗೆ ಮಾಡಿದ ಕ್ಷೌರ

ಆ ದೊಡ್ಡಾಸ್ಪತ್ರೆಯ ಗಂಡಸರ ಸರ್ಜರಿ ವಾರ್ಡಿನಲ್ಲಿ ಅವನ ಸ್ವಂತ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಕತ್ತಿಯಣ್ಣ ಅಂದರೆ ಸಾಕು, ಗೇಟು ಕಾಯುವವನಿಂದ ಹಿಡಿದು ಅರಿವಳಿಕೆ ಕೊಡುವ ಡಾಕ್ಟರವರೆಗೆ ಎಲ್ಲರೂ ಕೈ ನೀಡಿ ದಾರಿ ತೋರಿಸುತ್ತಿದ್ದರು. ನಾಳೆ ಬೆಳಿಗ್ಗೆ ಆಪರೇಷನ್ ಇರುವವರಿಗೆ ಇವತ್ತು ಸಂಜೆಯೇ ಹೊಟ್ಟೆಯದೋ ತೊಡೆಸಂದಿನದೋ ಕೂದಲು ತೆಗೆಯುವುದು ಅವನ ಕೆಲಸ. ಬಿಸಿನೀರಿನ ಮಗ್ಗು, ಸೋಪು, ಬ್ರಷ್ಷು, ತೊಗಲಿನ ಪಟ್ಟಿಗೆ ಮಸೆದೂ ಮಸೆದೂ ನಡು ಸವೆದ ಕ್ಷೌರದ ಕತ್ತಿ. ಇಷ್ಟೇ ಅವನ ಆಸ್ತಿ. ಇವೆಲ್ಲ ಇರುತ್ತಿದ್ದದ್ದು ಒಂದು ಮರದ ಪೆಟ್ಟಿಗೆಯಲ್ಲಿ. ಅದನ್ನು ಬಡಗಿಯಾದ ಅವನ ಭಾವ, ಅಂದರೆ ಅಕ್ಕನ ಗಂಡ, ಒಂದು ಮೊಳೆಯನ್ನೂ ಹೊಡೆಯದೆ ಬರೀ ಕಚ್ಚು ಕೂಡಿಸಿ ಮಾಡಿಕೊಟ್ಟಿದ್ದ.

ಆಪರೇಷನ್ನಿನ ಹಿಂದಿನ ಸಂಜೆ ಎಂಥ ಗಟ್ಟಿಗನಿಗೂ ಎದೆ ಡವಗುಟ್ಟುತ್ತದೆ. ಪರದೆ ಎಳೆದು ಕತ್ತಿ ತೆಗೆದ ಕೂಡಲೆ ರೋಗಿ ಹಲಗೆಯ ಹಾಗೆ ಸೆಟೆದುಕೊಳ್ಳುತ್ತಿದ್ದ. ಆಗ ಕತ್ತಿಯಣ್ಣ ಬಾಯಿ ಬಿಡುತ್ತಿದ್ದ. "ಯಾಕಣ್ಣ ಹಿಂಗೆ ಉಸಿರು ಬಿಗಿ ಹಿಡ್ಕೊಂಡಿದ್ದೀಯ? ನಾನು ಕೂದಲು ತೆಗೆಯೋನಪ್ಪ. ಪ್ರಾಣ ತೆಗೆಯೋದು ಬೇರೆ ಇಲಾಖೆ." ರೋಗಿ ನಕ್ಕರೆ ಹೊಟ್ಟೆ ಸಡಿಲವಾಗುತ್ತಿತ್ತು, ಹೊಟ್ಟೆ ಸಡಿಲವಾದರೆ ಕತ್ತಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಹಳೆಯ ಸರ್ಜನ್ನರು ಥಿಯೇಟರಿನಲ್ಲಿ ಬಟ್ಟೆ ಸರಿಸಿ ನೋಡಿ, "ಇದು ನಮ್ಮ ಕತ್ತಿಯಣ್ಣಂದೇ" ಎಂದು ಗುರುತು ಹಿಡಿಯುತ್ತಿದ್ದರಂತೆ. ಆ ಮಾತನ್ನು ಅವನು ಅಕ್ಕನ ಮನೆಯಲ್ಲಿ ಹೇಳದ ವಾರ ಇರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಹೊಸದಾಗಿ ಬಂದ ದೊಡ್ಡ ಡಾಕ್ಟರಮ್ಮ ಹೊಟ್ಟೆಗೆ ಬೆರಳು ತೂರದಷ್ಟು ಸಣ್ಣ ತೂತು ಮಾಡಿ, ಅದರೊಳಗೆ ಕ್ಯಾಮರಾ ಇಳಿಸಿ ಪಿತ್ತಕೋಶ ತೆಗೆಯತೊಡಗಿದರು. ವಾರಗಟ್ಟಲೆ ಮಲಗುತ್ತಿದ್ದವರು ಮರುದಿನವೇ ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆದರು. ಕತ್ತಿಯಣ್ಣನಿಗೂ ಅದು ಸೋಜಿಗವೇ. ಆದರೆ ಅದೇ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು: ವಾರ್ಡಿನಲ್ಲಿ ಇನ್ನು ಮೇಲೆ ಕತ್ತಿ ಬೇಡ. ಕೂದಲು ಅಡ್ಡ ಬಂದರೆ ಮಾತ್ರ, ಆಪರೇಷನ್ನಿಗೆ ಸ್ವಲ್ಪ ಮುಂಚೆ, ಥಿಯೇಟರಿನ ಪಕ್ಕದ ಕೋಣೆಯಲ್ಲಿ ಅಟೆಂಡರ್ ಮಷೀನಿನಲ್ಲಿ ಕತ್ತರಿಸುತ್ತಾನೆ.

ಕತ್ತಿಯಣ್ಣನ ಮುಖ ಕಪ್ಪಿಟ್ಟಿತು. ಹೆಡ್ ಸಿಸ್ಟರು ಅವನನ್ನು ಕೂರಿಸಿಕೊಂಡು, ಅವನ ಮುಂಗೈಯನ್ನು ಅವನಿಂದಲೇ ಬೋಳಿಸಿ, ಭೂತಗನ್ನಡಿ ಹಿಡಿದು ತೋರಿಸಿದರು. ಚರ್ಮದ ಮೇಲೆ ಕೂದಲೆಳೆಯಂಥ ಕೆಂಪು ಗೀರುಗಳು.

"ಕಂಡ್ವಾ? ಬರೀ ಕಣ್ಣಿಗೆ ಕಾಣಲ್ಲ. ಇವುಗಳೊಳಗೆ ರಾತ್ರಿಯೆಲ್ಲ ಕ್ರಿಮಿ ಕೂತು ಸಂಸಾರ ಮಾಡುತ್ತೆ. ಬೆಳಿಗ್ಗೆ ಅದೇ ಜಾಗದಲ್ಲಿ ನಾವು ಕೊಯ್ತೀವಿ."

"ಈ ಗಾಜಲ್ಲಿ ನೋಡಿದ್ರೆ ದೇವರ ಕೆನ್ನೆ ಮೇಲೂ ಗುಂಡಿ ಕಾಣ್ತವೆ ಸಿಸ್ಟರೇ" ಅಂದ ಕತ್ತಿಯಣ್ಣ.

ಕೆಲಸದಿಂದ ತೆಗೆಯಲಿಲ್ಲ. ಅವನ ನಾಲಗೆಯ ಬಲ ಎಲ್ಲರಿಗೂ ಗೊತ್ತಿತ್ತು. ಹೊರರೋಗಿಗಳ ಸಾಲಿನ ಕೊನೆಗೆ ಒಂದು ಕೋಣೆ ಕೊಟ್ಟು, ಬಣ್ಣದ ಚಿತ್ರಪಟ ತೂಗುಹಾಕಿ, ಆಪರೇಷನ್ನಿಗೆ ಬರುವವರಿಗೆ ತಿಳುವಳಿಕೆ ಹೇಳುವುದಕ್ಕೆ ಕೂರಿಸಿದರು. ಅಲ್ಲಿಯೂ ಅವನು ರಾಜನೇ. "ಬೀಡಿ ಬಿಡಣ್ಣ, ಸುಟ್ಟ ಪುಪ್ಪುಸ ಇಟ್ಕೊಂಡು ಬಂದ್ರೆ ಅರಿವಳಿಕೆ ಡಾಕ್ಟ್ರು ನಿನ್ನ ಬದಲು ನನ್ನ ಬೈತಾರೆ." "ಆಪರೇಷನ್ ಆದ್ಮೇಲೆ ಮಹಾರಾಣಿ ಹಂಗೆ ಮಲಗಬೇಡಮ್ಮ, ಎದ್ದು ಓಡಾಡು, ಇಲ್ಲಾಂದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ." ಜನ ನಗುತ್ತಲೇ ಕಲಿಯುತ್ತಿದ್ದರು. ಒಂದು ಮಾತನ್ನು ಮಾತ್ರ ಅವನು ಕಹಿ ಗುಳಿಗೆ ನುಂಗುವವನಂತೆ ಬೇಗ ಬೇಗ ಮುಗಿಸಿಬಿಡುತ್ತಿದ್ದ: "ಮನೇಲಿ ಯಾರೂ ಕತ್ತಿ, ಬ್ಲೇಡು ಮುಟ್ಟಿಸ್ಕೋಬೇಡಿ."

ಹೀಗಿರುವಾಗ ಭಾವನ ಹರ್ನಿಯಾ ಜೋರಾಯಿತು. ತೊಡೆಸಂದಿನಲ್ಲಿ ಕರುಳು ನುಗ್ಗಿ ಗಂಟು ಕಟ್ಟುತ್ತಿತ್ತು. ಬಟ್ಟೆ ಬಿಗಿದು ಕಟ್ಟಿಕೊಂಡೇ ಅವನು ವರ್ಷಾನುಗಟ್ಟಲೆ ದಿಮ್ಮಿ ಎತ್ತಿದ್ದ, ಗರಗಸ ಎಳೆದಿದ್ದ. ದೊಡ್ಡ ಡಾಕ್ಟರಮ್ಮನೇ ನೋಡಿ, ಸಣ್ಣದಾಗಿ ಕೊಯ್ದು ಒಳಗೆ ಬಲೆಯಂಥದೊಂದನ್ನು ಕೂರಿಸಿದರೆ ಮತ್ತೆ ದಿಮ್ಮಿ ಎತ್ತಬಹುದು ಎಂದರು. ಅಪ್ಪ ಸತ್ತ ಮೇಲೆ ಕತ್ತಿಯಣ್ಣನನ್ನು ತಂದು ಮನೆಯಲ್ಲಿಟ್ಟುಕೊಂಡು ಸಾಕಿದವನು ಈ ಭಾವ. ಅವನಿಗಾಗಿ ಏನು ಮಾಡಿದರೂ ಕಡಿಮೆ ಅನ್ನುವ ಭಾವನೆ ಇವನಿಗೆ ಮೊದಲಿನಿಂದಲೂ ಇತ್ತು.

ಬೆಳಗಾದರೆ ಆಪರೇಷನ್. ಸಂಜೆ ಕತ್ತಿಯಣ್ಣ ಅಕ್ಕನ ಮನೆಗೆ ಹೋದ. ಅಂಗಳದಲ್ಲಿ ಮರದ ಹೊಟ್ಟಿನ ರಾಶಿ, ಅರ್ಧ ಮುಗಿದ ಬಾಗಿಲೊಂದು ಗೋಡೆಗೆ ಒರಗಿತ್ತು. ಭಾವ ಮೂಲೆ ಹಿಡಿದು ಕೂತಿದ್ದ.

"ಲೋ ಭಾಮೈದ, ನಾಳೆ ಅಲ್ಲಿ ಯಾವನೋ ನನ್ನ ಬಟ್ಟೆ ಬಿಚ್ಚಿ ಮಷೀನು ಹಿಡೀತಾನಂತೆ?"

"ಅಟೆಂಡರು ಭಾವ. ನಮ್ಮ ಹುಡುಗನೇ."

"ಯಾರಾದ್ರೇನು? ಊರಿಗೆಲ್ಲ ಮಾಡ್ದೋನಿಗೆ ನನಗೆ ಮಾಡೋಕೆ ಕೈ ಬರಲ್ವಾ?"

ಅಕ್ಕ ಒಳಗಿನಿಂದಲೇ ದನಿಗೂಡಿಸಿದಳು. "ಹೌದು ಕಣೋ, ನಿನ್ನ ಕೈಲೇ ಆಗ್ಲಿ. ಅವರಿಗೂ ಧೈರ್ಯ."

ದಿನವೂ ನೂರು ಜನಕ್ಕೆ ಹೇಳುವ ಮಾತನ್ನು ಅವತ್ತು ಒಬ್ಬನಿಗೆ ಹೇಳಬೇಕಾಗಿತ್ತು. ಅವನು ಹೇಳಲಿಲ್ಲ. ಭಾವನ ಗಡ್ಡ ತೆಗೆಯುವುದಕ್ಕೆ ಇಷ್ಟು ದಿನ ಬ್ಲೇಡೇ ಸಾಕಾಗಿತ್ತು; ಅವತ್ತು, ವಾರ್ಡು ಬಿಟ್ಟ ಮೇಲೆ ಅಲ್ಲೇ ಅಟ್ಟಕ್ಕೆ ಹಾಕಿದ್ದ ಪೆಟ್ಟಿಗೆ ಇಳಿಸಿದ, ಧೂಳು ಒರೆಸಿದ, ಪಟ್ಟಿಗೆ ಕತ್ತಿ ಮಸೆದ. ಆ ಸದ್ದು ಕೇಳಿಯೇ ಅವನ ಮೈಯಲ್ಲಿ ಜೀವ ಬಂದ ಹಾಗಾಯಿತು. ಬಚ್ಚಲಿನಲ್ಲಿ ದೀಪ ಹಾಕಿ ಭಾವನಿಗೆ ಮಾಡಿದ ಕ್ಷೌರ ಅವನ ಕೈಯ ಅತಿ ನಯದ ಕೆಲಸಗಳಲ್ಲಿ ಒಂದು. ಒಂದು ಹನಿ ರಕ್ತವಿಲ್ಲ.

"ಕೇಳಿದ್ರೆ ಮನೇಲಿ ಮಷೀನಲ್ಲೇ ತೆಗೆದ್ವಿ ಅಂದ್ಬಿಡಿ ಭಾವ."

"ನಾನೇನು ಸಾಕ್ಷಿ ಹೇಳೋಕೆ ಹೋಗ್ತೀನಾ?" ಎಂದು ಭಾವ ನಕ್ಕ.

ಬೆಳಿಗ್ಗೆ ಅಟೆಂಡರ್ ಕೇಳಿದ್ದಕ್ಕೆ ಭಾವ ಹಾಗೆಯೇ ಹೇಳಿದ. ಕತ್ತಿಯಣ್ಣನ ಮನೆಯವರು ತಪ್ಪು ಮಾಡಿಯಾರೆ ಎಂದು ಅವನೂ ಕೆದಕಲಿಲ್ಲ. ಆಪರೇಷನ್ ಸಲೀಸಾಗಿ ಮುಗಿಯಿತು. ಭಾವ ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಬಾಗಿಲಿಗೆ ಹಿಡಿಕೆ ಎಲ್ಲಿ ಇಡಬೇಕೆಂದು ಕೆಲಸದವನಿಗೆ ಗದರುವಷ್ಟು ಚೇತರಿಸಿಕೊಂಡ.

ಅಷ್ಟರಲ್ಲಿ ಗಾಯ ಕೆಂಪೇರಿತು. ಮೊದಲು ಬಿಸಿ, ಆಮೇಲೆ ಜ್ವರ, ಆಮೇಲೆ ಹೊಲಿಗೆಯ ಸಂದಿನಿಂದ ಕೀವು. ಮತ್ತೆ ಅದೇ ವಾರ್ಡು, ಕಿಟಕಿ ಪಕ್ಕದ ಮಂಚ. ಔಷಧಿಗೆ ಬಗ್ಗದಿದ್ದರೆ ಬಲೆಯನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರಮ್ಮ ಅಕ್ಕನಿಗೆ ಹೇಳಿದರು.  ಭಾವ ಪಕ್ಕದಲ್ಲಿ ನಿಂತಿದ್ದ ಕತ್ತಿಯಣ್ಣನ ಕಡೆ ನೋಡಿ ಕಣ್ಣಿನಲ್ಲೇ ಸುಮ್ಮನಿರು ಅಂದ.

ಸುಮ್ಮನಿರುವುದಕ್ಕೆ ಆಸ್ಪತ್ರೆ ಬಿಡಬೇಕಲ್ಲ. ಸೋಂಕು ಎಲ್ಲಿಂದ ಬಂತೆಂದು ಹುಡುಕುವುದಕ್ಕೆ ಆ ಥಿಯೇಟರನ್ನು ಮುಚ್ಚಿದರು. ಗೋಡೆ, ಮೇಜು, ಉಪಕರಣ ಎಲ್ಲವನ್ನೂ ಪರೀಕ್ಷೆಗೆ ಕಳಿಸಿದರು. ಮೇಜು ಸರಿಯಾಗಿ ಒರೆಸಿರಲಿಲ್ಲವೇನೋ ಎಂದು ಅಟೆಂಡರನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದರು. ಸರದಿಯಲ್ಲಿದ್ದವರ ಆಪರೇಷನ್ನುಗಳು ಮುಂದಕ್ಕೆ ಹೋದವು. ಮೂಟೆ ಹೊರುವವನೊಬ್ಬ ತೊಡೆಸಂದಿನ ಗಂಟನ್ನು ಅಂಗೈಯಲ್ಲಿ ಒತ್ತಿಕೊಂಡೇ ತಿಳುವಳಿಕೆ ಕೋಣೆಗೆ ಬಂದ.

"ಕತ್ತಿಯಣ್ಣ, ನೀನು ಹೇಳ್ದಂಗೆಲ್ಲ ಕೇಳಿದೀನಿ. ಬೀಡಿ ಬಿಟ್ಟೆ. ಮೈಗೆ ಸೋಪು ತಿಕ್ಕಿ ತಿಕ್ಕಿ ಚರ್ಮ ಕಿತ್ತು ಬರ್ತಿದೆ. ಈಗ ಹೋಗು ಅಂತಾರಲ್ಲ, ನಾನೇನು ತಪ್ಪು ಮಾಡಿದ್ದೆ?"

 ಕತ್ತಿಯಣ್ಣ ಎದ್ದವನೇ ನೆಟ್ಟಗೆ ದೊಡ್ಡ ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತ.

"ಅಮ್ಮ, ಥಿಯೇಟರ್ ತೊಳೆದಿದ್ದು ಸಾಕು. ನಮ್ಮ ಭಾವನಿಗೆ ಹಿಂದಿನ ಸಂಜೆ ನಾನೇ ಕತ್ತಿ ಹಾಕಿದ್ದೆ."

ಅವರು ಬರೆಯುತ್ತಿದ್ದದ್ದನ್ನು ನಿಲ್ಲಿಸಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ಅದೊಂದರಿಂದಲೇ ಆಯ್ತು ಅಂತ ನಾನು ಆಣೆ ಇಟ್ಟು ಹೇಳಲಾರೆ" ಅಂದರು. "ಬೇರೆ ಕಾರಣಾನೂ ಇರಬಹುದು. ಪರೀಕ್ಷೆ ಪೂರ್ತಿ ಮಾಡೇ ಮಾಡ್ತೀವಿ. ಆದರೆ ಅವತ್ತು ಬೆಳಿಗ್ಗೆ ಹೇಳಿದ್ರೆ ನಾನು ಬಲೆ ಹಾಕೋದನ್ನ ಮುಂದಕ್ಕೆ ಹಾಕ್ತಿದ್ದೆ. ದಿನಾ ಜನಕ್ಕೆ ಹೇಳ್ತಿದ್ರಲ್ಲ, ನೀವು ನಂಬಿರಲಿಲ್ವಾ?"

"ಬೇರೆಯವರ ಕೈ ಬಗ್ಗೆ ನಂಬಿದ್ದೆ ಅಮ್ಮ. ನನ್ನ ಕೈ ಬಗ್ಗೆ ನಂಬಿರಲಿಲ್ಲ."

ಪರೀಕ್ಷೆಯಲ್ಲಿ ಥಿಯೇಟರಿನ ತಪ್ಪೇನೂ ಸಿಗಲಿಲ್ಲ, ಬಾಗಿಲು ತೆರೆಯಿತು. ಮೂಟೆ ಹೊರುವವನಿಗೆ ಆಪರೇಷನ್ ಆಯಿತು. ಕತ್ತಿಯಣ್ಣ ಎದುರಿಗೆ ಸಿಕ್ಕರೆ ಅಟೆಂಡರ್ ದಾರಿ ಬಿಟ್ಟು ಪಕ್ಕಕ್ಕೆ ಸರಿಯತೊಡಗಿದ. ಭಾವನ ಬಲೆಯನ್ನು ಉಳಿಸಿಕೊಳ್ಳುವುದಕ್ಕೆ ಆಗಲಿಲ್ಲ. ತೆಗೆದರು. ಗಾಯ ಒಳಗಿನಿಂದ ಮಾಗಬೇಕು, ಹರ್ನಿಯಾ ಮತ್ತೆ ಬರಬಹುದು, ದಿಮ್ಮಿಯ ಮಾತು ಸದ್ಯಕ್ಕಿಲ್ಲ ಎಂದರು.

ವಾರ್ಡಿನಲ್ಲಿ ಭಾವನ ಮಂಚದ ಪಕ್ಕ ನಿಂತು ಅಕ್ಕನಿಗೆ ಸಂಗತಿ ಹೇಳಿದವನೂ ಕತ್ತಿಯಣ್ಣನೇ. ಅವಳು ಕೇಳಿಸಿಕೊಂಡು, ಗಂಡನ ಕಡೆ ತಿರುಗಿ, "ನಿಮಗೂ ಬುದ್ಧಿ ಇರಲಿಲ್ಲ" ಎಂದಳು. ತಮ್ಮನಿಗೆ ಏನೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.

ಚಿತ್ರಪಟದ ಕೋಣೆಯಲ್ಲಿ ಈಗಲೂ ಅವನೇ ಕೂರುತ್ತಾನೆ. ಕತ್ತಿಯ ಮಾತು ಬಂದಾಗ ಯಾರಾದರೂ, "ನಮ್ಮ ಬೀದಿಯವನ ಕೈ ಭಾಳ ನಯ, ಅವನು ಮಾಡಿದ್ರೆ ಏನೂ ಆಗಲ್ಲ" ಅಂದರೆ, "ನನ್ನ ಕೈಯೂ ಭಾಳ ನಯ" ಎಂದು ಹೇಳಿ ಮುಂದಿನ ಚಿತ್ರಕ್ಕೆ ಬೆರಳಿಡುತ್ತಾನೆ. ಆ ಜಾಗದಲ್ಲಿ ಜನ ನಗುವುದಿಲ್ಲ.

ಮೊನ್ನೆ ಒಂದು ಬೆಳಿಗ್ಗೆ ಅವನು ಭಾವನನ್ನು ನೋಡುವುದಕ್ಕೆ ಹೋದ. ಅಂಗಳದಲ್ಲಿ ಅರ್ಧ ಮುಗಿದ ಬಾಗಿಲು ಹಾಗೆಯೇ ಒರಗಿತ್ತು. ಜಗಲಿಯ ಮೇಲೆ ಭಾವ ಕೆನ್ನೆಗೆಲ್ಲ ನೊರೆ ಬಳಿದುಕೊಂಡು ಕೂತಿದ್ದ. ಗಡ್ಡ ತೆಗೆಯುತ್ತಿದ್ದವನು ಯಾರೋ ಹೊರಗಿನವನು. ಅಕ್ಕ ಕರೆಸಿದ್ದಳು. ಇಷ್ಟು ವರ್ಷ ಆ ಕೆನ್ನೆಯ ಮೇಲೆ ಕತ್ತಿಯಣ್ಣನದಲ್ಲದೆ ಬೇರೆ ಕೈ ಓಡಿದ್ದಿಲ್ಲ. ಕತ್ತಿಯಣ್ಣ ಚಪ್ಪಲಿ ಬಿಡುವುದೋ ಬೇಡವೋ ಎಂದು ಮೆಟ್ಟಿಲ ಬಳಿಯೇ ನಿಂತ.

"ಬಾರೋ, ಇವನು ಗಡ್ಡದ ಜೊತೆಗೆ ನನ್ನ ಕಿವೀನೂ ಸೇರಿಸ್ಕೊಂಡು ತೆಗೆಯೋ ಹಂಗಿದಾನೆ. ಕನ್ನಡಿ ಹಿಡಿ" ಅಂದ ಭಾವ.

ಅವನು ಹೋಗಿ ಕನ್ನಡಿ ಹಿಡಿದು ನಿಂತ. ಕತ್ತಿ ಕೂದಲಿಗೆ ಎದುರಾಗಿ ಹೋಗುತ್ತಿತ್ತು, ಕರಕರ ಸದ್ದು ಅವನ ಹಲ್ಲಿಗೆ ತಾಗುತ್ತಿತ್ತು. ತಡೆಯಲಾರದೆ ಕೇಳಿದ: "ಹೊಸ ಬ್ಲೇಡ್ ಹಾಕಿದ್ಯೇನಪ್ಪ?"

"ನೀನು ಸುಮ್ನಿರು" ಎಂದಳು ಅಕ್ಕ ಒಳಗಿನಿಂದ. ಆಸ್ಪತ್ರೆಯ ಆ ದಿನದ ನಂತರ ಅವನಿಗೆ ಅವಳು ಆಡಿದ ಮೊದಲ ಮಾತು ಅದು.

ಅವನು ಕನ್ನಡಿಯನ್ನು, ಭಾವನಿಗೆ ಬೆಳಕು ಸರಿಯಾಗಿ ಬೀಳಲೆಂದು, ಸ್ವಲ್ಪ ಬಾಗಿಸಿ ಹಿಡಿದ.